ನೋಡಿದಷ್ಟೇ ಬರೆದ ಮೇಡಂ

ನಮ್ಮ ಮೈಕ್ರೋಬಯಾಲಜಿ ಮೇಡಂ ತೀರಿಕೊಂಡು ತಿಂಗಳಾಗುತ್ತ ಬಂದಾಗ ನನ್ನ ಹಳೆಯ ಸಹಪಾಠಿಯೊಬ್ಬ ವಾಟ್ಸಾಪಿನಲ್ಲಿ ಸಂದೇಶ ಕಳಿಸಿದ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಿದ್ದಾರಂತೆ, ಅದರಲ್ಲಿ ಕನ್ನಡದ ಪುಟಗಳೂ ಇರುತ್ತವಂತೆ, ನಾನೂ ಒಂದು ಲೇಖನ ಕೊಡಬೇಕಂತೆ. ನಾನು ಉತ್ತರ ಕೊಡುವ ಮೊದಲೇ ಇನ್ನೊಂದು ಸಂದೇಶ ಬಂತು. "ನೀನು ಬಿಜಿ ಇರ್ತಿ ಗೊತ್ತುಂಟು. ಡ್ರಾಫ್ಟ್ ಅಟ್ಯಾಚ್ ಮಾಡಿದ್ದೇನೆ. ಕೆಳಗೆ ಹೆಸರು ಹಾಕಿ ವಾಪಸ್ ಕಳಿಸು, ಬಸ್, ಅಷ್ಟೇ."

ಡ್ರಾಫ್ಟ್ ತೆರೆದು ನೋಡಿದೆ. ಮೇಡಂ ಅದರಲ್ಲಿ ಜ್ಞಾನದ ಸಾಗರವಾಗಿದ್ದರು, ಮಾತೃಹೃದಯಿಯಾಗಿದ್ದರು, ಸದಾ ಹಸನ್ಮುಖಿಯಾಗಿದ್ದರು. ದುಃಖದಲ್ಲಿದ್ದವಳಿಗೂ ನಗು ತಡೆಯಲಾಗಲಿಲ್ಲ. ಮೇಡಂ ನಕ್ಕಿದ್ದನ್ನು ನಾನು ಮೂರು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೆಂದು ನೆನಪಿಸಿಕೊಳ್ಳಲು ಕೂತರೆ ಕೈಬೆರಳು ಮಿಗುತ್ತವೆ. ಇನ್ನು ಮಾತೃಹೃದಯ! ಪ್ರಾಕ್ಟಿಕಲ್ಲಿಗೆ ತಡವಾಗಿ ಬಂದ ಹುಡುಗಿ ಜ್ವರವಿತ್ತು ಎಂದರೆ, "ಜ್ವರ ಬಂದ್ರ ಬರಬಾರದು. ಬಂದ ಮ್ಯಾಲ ತಡಾ ಮಾಡಬಾರದು" ಎನ್ನುತ್ತಿದ್ದ ಹೆಂಗಸು ಅವರು.

ಆದರೆ ನಗು ಬಂದಿದ್ದಕ್ಕೆ ಬೇರೆ ಕಾರಣವೂ ಇತ್ತು. ಜಗತ್ತಿನಲ್ಲಿ ಯಾರ ಬಗ್ಗೆ ಬೇಕಾದರೂ ಸಿದ್ಧ ಡ್ರಾಫ್ಟಿಗೆ ಹೆಸರು ಹಾಕಬಹುದು, ಈ ಒಬ್ಬರ ಬಗ್ಗೆ ಮಾತ್ರ ಸಾಧ್ಯವಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ಠಾಣೆ ಸ್ಟೇಷನ್ನಿನ ಹತ್ತಿರದ ಝೆರಾಕ್ಸ್ ಅಂಗಡಿಯ ಕಥೆ ಹೇಳಬೇಕು.

ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರಿಗೆ ತಮ್ಮ ಅಧ್ಯಾಪಕರಿಂದ ಶಿಫಾರಸು ಪತ್ರ ಬೇಕು. ಅಧ್ಯಾಪಕರೇ ಬರೆದು ಕಳಿಸಬೇಕೆಂಬುದು ನಿಯಮ. ನಮ್ಮಲ್ಲಿಯ ಪದ್ಧತಿ ಬೇರೆ. ವಿದ್ಯಾರ್ಥಿ ಹೋಗಿ ಕೇಳಿದರೆ ಸರ್ ತಲೆಯನ್ನೂ ಎತ್ತದೆ, "ಡ್ರಾಫ್ಟ್ ಬನಾಕೇ ಮೇಲ್ ಕರ್ ದೋ" ಎನ್ನುತ್ತಾರೆ. ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕು, ಸರ್ ಸಹಿ ಹಾಕುತ್ತಾರೆ. ತನ್ನನ್ನು ತಾನೇ ಹೊಗಳಿಕೊಳ್ಳಲು ಬಾರದ ನಮ್ಮಂಥವರಿಗಾಗಿ ಆ ಝೆರಾಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ತಯಾರು ಮಾದರಿಗಳನ್ನು ಇಟ್ಟುಕೊಂಡಿದ್ದ. "ಇಂಜಿನಿಯರಿಂಗ್ ಕ್ಯಾ, ಸೈನ್ಸ್ ಕ್ಯಾ, ಎಂಬಿಎ ಕ್ಯಾ?" ಎಂದು ಕೇಳಿ, ಉಪ್ಪಿಟ್ಟೋ ಶಿರಾನೋ ಎಂದು ಕೇಳಿದಷ್ಟೇ ಸಲೀಸಾಗಿ ಪ್ರಿಂಟ್ ತೆಗೆದುಕೊಡುತ್ತಿದ್ದ. ಅವನ ಅಂಗಡಿಯಿಂದ ಹೊರಬಿದ್ದವರೆಲ್ಲ ತರಗತಿಯ ಅತ್ಯುತ್ತಮರು, ಹುಟ್ಟು ನಾಯಕರು. ನನ್ನ ಗೆಳತಿಯೊಬ್ಬಳು ತನ್ನ ಪತ್ರದ ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಗಂಡಸಾಗಿದ್ದಳು, ಅವಳ ಹೆಸರೂ ಬದಲಾಗಿತ್ತು. ಸಹಿ ಮಾಡಿದ ಸರ್ ಅದನ್ನು ಗಮನಿಸಿರಲಿಲ್ಲ.

ನಾನೂ ಅಲ್ಲಿಂದಲೇ ಒಂದು ಪ್ರತಿ ಮಾಡಿಸಿಕೊಂಡು ಮೇಡಂ ಹತ್ತಿರ ಹೋದೆ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಕುಡಿಯುವ ನೀರಿನ ಪರೀಕ್ಷೆಯ ಬಗ್ಗೆ ಸ್ನಾತಕೋತ್ತರ ಕೋರ್ಸಿತ್ತು. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ನಾನು ಹೋಗಬಹುದಿತ್ತು. ನನ್ನಪ್ಪ ಠಾಣೆಯ ಕೋಪರಿಯಲ್ಲಿ ಬೇರೆಯವರ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂರುವ ಮ್ಯಾನೇಜರು. ಸಾಲ ಮಾಡಿ ಹೋಗುವ ಮಾತನ್ನು ನಾನೂ ಎತ್ತಿರಲಿಲ್ಲ, ಅವರೂ ಎತ್ತಿರಲಿಲ್ಲ. ಅಂಕಗಳು ಸಾಧಾರಣ. ಆದ್ದರಿಂದ ನನ್ನ ಆಸೆಯೆಲ್ಲ ಶಿಫಾರಸು ಪತ್ರಗಳ ಮೇಲಿತ್ತು, ಅದರಲ್ಲೂ ಪ್ರಯೋಗಾಲಯದಲ್ಲಿ ನನ್ನನ್ನು ಕಂಡ ಮೇಡಂ ಪತ್ರದ ಮೇಲೆ.

ಮೇಡಂ ತೊಳೆದ ಗಾಜಿನ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರು ಧಾರವಾಡದ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಪ್ಯೂನಿನ ಜೊತೆ ಮರಾಠಿಯಲ್ಲಿ, ಕನ್ನಡದ ಮಕ್ಕಳೆಂದು ಗೊತ್ತಾದರೆ ಕನ್ನಡದಲ್ಲಿ. ನಾನು ಮೊದಲ ವರ್ಷವೆಲ್ಲ ಅವರ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಅದನ್ನು ತಿದ್ದಲಿಲ್ಲ, ತಾವು ಕನ್ನಡ ಬಿಡಲೂ ಇಲ್ಲ. ಕೊನೆಗೆ ಸೋತು ದಾರಿಗೆ ಬಂದವಳು ನಾನೇ.

ಕಾಗದವನ್ನು ಒಂದಕ್ಷರ ಬಿಡದೆ ಓದಿದರು. ಕನ್ನಡಕ ತೆಗೆದರು. ಏನಾದರೂ ಗಂಭೀರವಾದುದನ್ನು ಹೇಳುವಾಗ ಅವರು ಕನ್ನಡಕ ತೆಗೆಯುತ್ತಿದ್ದರು. ನಮ್ಮ ಮುಖ ಮಸುಕಾಗಿ ಕಂಡರೆ ಹೇಳುವುದು ಸುಲಭವೇನೋ.

"ಈ ಹುಡುಗಿ ಭಾಳ ಚೊಲೊ ಅದಾಳ," ಎಂದರು. "ನನಗೂ ಪರಿಚಯ ಮಾಡಿಸು."

ನನ್ನ ಕಿವಿಯೆಲ್ಲ ಬಿಸಿಯಾಯಿತು. "ಮೇಡಂ, ಎಲ್ರೂ ಹೀಗೇ…"

"ಎಲ್ಲಾರೂ ಹಿಂಗ ಮಾಡ್ತಾರ, ಹೌದು. ನಾ ನೋಡಿದ್ದಷ್ಟ ಬರಿತೀನಿ. ಬರದ ಮ್ಯಾಲ ನಿನಗ ಓದಿ ಹೇಳ್ತೀನಿ, ನಿಮ್ಮ ಮನ್ಯಾಗಿನವರ ಮುಂದ. ಬೆನ್ನ ಹಿಂದ ಒಂದು ಮಾತು ಕಳಿಸೂದಿಲ್ಲ. ಒಪ್ಪಿಗಿ ಇದ್ರ ಹೇಳು."

ಇದು ಅವರ ನಿಯಮ. ಇಡೀ ಕಾಲೇಜಿಗೆ ಗೊತ್ತಿತ್ತು. ಅದಕ್ಕೇ ಅವರ ಹತ್ತಿರ ಪತ್ರ ಕೇಳಲು ಬರುವವರು ಕಡಿಮೆ. ಒಮ್ಮೆ ಆಡಳಿತ ಮಂಡಳಿಯ ಯಾರದೋ ಸಂಬಂಧಿಕ ಹುಡುಗ ಕೇಳಿದಾಗ ಅವರು ಬರೆದದ್ದು ಇಷ್ಟೇ ಎಂದು ಸೀನಿಯರುಗಳು ಹೇಳುತ್ತಿದ್ದರು: "ಈತ ಹಾಜರಿರುತ್ತಾನೆ. ನಯವಾಗಿ ಮಾತಾಡುತ್ತಾನೆ. ಬೇರೇನನ್ನೂ ನಾನು ನೋಡಿಲ್ಲ." ಮೇಲಿನವರು ಕರೆಸಿ ಕೇಳಿದ್ದಕ್ಕೆ, "ಒಂದು ತಿಂಗಳ ಲ್ಯಾಬಿಗೆ ಕಳಸ್ರಿ. ನೋಡಿ ಮತ್ತ ಬರಿತೀನಿ" ಎಂದರಂತೆ. ಹುಡುಗ ನಿಜಕ್ಕೂ ಬಂದ, ಮನಸ್ಸಿಟ್ಟು ಕೆಲಸ ಮಾಡಿದ. ಮೇಡಂ ಎರಡನೆಯ ಪತ್ರ ಬರೆದು ಅವನ ತಂದೆಯೆದುರು ಓದಿದರು. ಆ ತಂದೆ ಆಮೇಲೆ ಕಾರಿಡಾರಿನಲ್ಲಿ ಮೇಡಂ ಎದುರಾದರೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು ಎಂಬುದು ಸೀನಿಯರುಗಳು ಸೇರಿಸಿದ್ದಿರಬೇಕು.

ಒಪ್ಪಿಗೆ ಎಂದು ಹೇಳಿ ಬಂದೆ. ಬಂದವಳಿಗೆ ಭಯ ಶುರುವಾಯಿತು. ಯಾಕೆಂದರೆ ಮೇಡಂ ನೋಡುತ್ತಾರೆ ಎಂದರೆ ನಾವು ನೀವು ನೋಡುವ ಹಾಗಲ್ಲ.

ಠಾಣೆಯ ನಮ್ಮ ಕಾಲೇಜಿಗೆ ಅವರು ಬದಲಾಪುರದಿಂದ ಬರುತ್ತಿದ್ದರು, ನಾನು ಡೊಂಬಿವಲಿಯಿಂದ. ಸಂಜೆ ಠಾಣೆಯಲ್ಲಿ ಒಂದೇ ಲೋಕಲ್ ರೈಲು ಹತ್ತುತ್ತಿದ್ದೆವು. ಬದಲಾಪುರದ ಗಾಡಿಗೆ ಡೊಂಬಿವಲಿಯವರು ಹತ್ತುವುದೇ ಅಪರಾಧ. ಇಷ್ಟು ಬೇಗ ಇಳಿಯುವವರು ಬಾಗಿಲಿಗೆ ಅಡ್ಡ ನಿಂತು ದೂರದವರಿಗೆ ಜಾಗವಿಲ್ಲದಂತೆ ಮಾಡುತ್ತಾರೆಂದು ಹೆಂಗಸರೆಲ್ಲ ಒಟ್ಟಾಗಿ ಬೈಯುತ್ತಾರೆ. ಮೇಡಂ ಬೈಯುವವರ ಕಡೆಯವರು, ನಾನು ಬೈಸಿಕೊಳ್ಳುವವಳು. ಒಂದು ಸಂಜೆ ನಾನು ಧೂಳಿಗೆ ಮುಖದ ತುಂಬ ದುಪಟ್ಟಾ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡು, ಬಾಗಿಲ ಹತ್ತಿರ ಬೈಗುಳ ಕೇಳುತ್ತ ನಿಂತಿದ್ದೆ. ಹಿಂದಿನಿಂದ ಮೆಲ್ಲನೆ ಧ್ವನಿ ಬಂತು: "ಬೆರಳಿಗೆ ಮುಲಾಮು ಹಚ್ಚಿದೇನು?" ಆ ದಿನ ಮಧ್ಯಾಹ್ನ ಬರ್ನರಿನಲ್ಲಿ ಬೆರಳು ಸುಟ್ಟುಕೊಂಡು, ಬೈಗುಳದ ಭಯಕ್ಕೆ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಮೇಲಿನ ಹಿಡಿಕೆಯನ್ನು ನಾಲ್ಕೇ ಬೆರಳಲ್ಲಿ ಹಿಡಿದದ್ದರಿಂದ ನನ್ನನ್ನು ಗುರುತಿಸಿದರಂತೆ. ರೈಲಿನ ಅದೇ ಡಬ್ಬಿಯಲ್ಲಿ ಪಿನ್ನು, ಕ್ಲಿಪ್ಪು ಮಾರುವ ಹೆಂಗಸಿಗೂ ಅವರು, "ಆಜ್ ಪಾಯ್ ದುಖತೋಯ್ ಕಾ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಅವಳು ಕಾಲು ನೋಯುತ್ತದೆಂದು ಹೇಳಿರುತ್ತಿರಲಿಲ್ಲ.

ಇಂಥ ಕಣ್ಣು ನನ್ನಲ್ಲಿ ಏನೇನು ನೋಡಿರಬಹುದು? ರಾತ್ರಿ ಊಟ ಸೇರಲಿಲ್ಲ. ಅಪ್ಪನಿಗೆ ತುಳುವಿನಲ್ಲಿ ಎಲ್ಲ ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, ಬರಲಿ, ಊಟದ ರಶ್ ಮುಗಿದ ಮೇಲೆ ಹೋಟೆಲಿಗೇ ಬರಲಿ, ಮೇಡಮ್ಮಿಗೆ ಒಳ್ಳೆಯ ಕಾಫಿ ಕೊಡುವ ಎಂದರು. ಮಗಳ ಗುಣಗಾನ ಕೇಳುವ ಸಂಭ್ರಮದಲ್ಲಿದ್ದರು ಪಾಪ.

ಮಧ್ಯಾಹ್ನ ಹೋಟೆಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ನೆಲ ಒರೆಸುವ ಹೊತ್ತು. ಮೇಡಂ ನಡೆದೇ ಬಂದರು. ಅಪ್ಪ ಗಲ್ಲೆಯಿಂದ ಇಳಿದು ನಿಂತರು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಒಳಗಿನಿಂದ ಅಡುಗೆಯ ಭಟ್ಟರೂ ಬಾಗಿಲಿಗೆ ಬಂದು ನಿಂತರು. ಮೇಡಂ ಕಾಫಿ ಪೂರ್ತಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಪತ್ರ ತೆಗೆದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳತೊಡಗಿದರು.

"ಈಕಿ ನಮ್ಮ ತರಗತಿಯ ಅತ್ಯುತ್ತಮ ವಿದ್ಯಾರ್ಥಿನಿ ಅಲ್ಲ."

ಅಪ್ಪನ ಮುಖ ಇಳಿಯಿತು. ಭಟ್ಟರು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡರು.

"ಕೈ ನಿಧಾನ. ಪರೀಕ್ಷ್ಯಾಗ ಗೊತ್ತಿದ್ದದ್ದನ್ನೂ ಪೂರ್ತಿ ಬರಿಯೂದಿಲ್ಲ. ಎದುರಿನವರು ಜೋರು ಮಾಡಿದ್ರ ಸುಮ್ಮನಾಗ್ತಾಳ."

ನಾನು ನೆಲ ನೋಡುತ್ತ ನಿಂತಿದ್ದೆ. ಆಮೇಲೆ ಮೇಡಂ ಎರಡನೆಯ ವರ್ಷದ ಒಂದು ಪ್ರಯೋಗದ ಮಾತಿಗೆ ಬಂದರು. ಕಾಲೇಜಿನ ನಲ್ಲಿಯ ನೀರನ್ನೇ ನಾವೆಲ್ಲ ಪರೀಕ್ಷೆ ಮಾಡಿದ್ದೆವು. ನೀರು ಕೆಟ್ಟಿದ್ದರೆ ಪರೀಕ್ಷೆಯ ಕೊಳವೆಯೊಳಗೆ ಗಾಳಿಯ ಗುಳ್ಳೆ ಕಟ್ಟುತ್ತದೆ. ನಲ್ಲಿಯ ನೀರು ಶುದ್ಧವೇ ಇರುತ್ತದೆಂದು ಎಲ್ಲರ ನಂಬಿಕೆ. ಎಲ್ಲರೂ ಪಕ್ಕದವರ ಪ್ರಾಕ್ಟಿಕಲ್ ಜರ್ನಲ್ ನೋಡಿ ಗುಳ್ಳೆ ಇಲ್ಲವೆಂದು ಬರೆದರು. ನನ್ನ ಒಂದು ಕೊಳವೆಯಲ್ಲಿ ಗುಳ್ಳೆ ಇತ್ತು. ಪಕ್ಕದ ಹುಡುಗಿ, ನೀನು ಬಾಟಲಿ ಸರಿಯಾಗಿ ತೊಳೆದಿಲ್ಲ ಎಂದು ಮರಾಠಿಯಲ್ಲಿ ದಬಾಯಿಸಿದಳು. ಉಳಿದವರು ನಕ್ಕರು. ನಾನು ಮರುದಿನ ಎಲ್ಲರಿಗಿಂತ ಮೊದಲು ಬಂದು ಹೊಸ ಬಾಟಲಿಯಲ್ಲಿ ಮತ್ತೆ ಮಾಡಿ ಇಟ್ಟೆ. ಮತ್ತೆ ಗುಳ್ಳೆ. ಯಾರೂ ನೋಡಿಲ್ಲವೆಂದೇ ನಂಬಿದ್ದೆ.

"ಆ ವಾರ ಇಡೀ ತರಗತಿಯೊಳಗ ಕಂಡದ್ದನ್ನ ಬರದಾಕಿ ಈಕಿ ಒಬ್ಬಾಕಿನ," ಎಂದು ಮೇಡಂ ಓದಿದರು. "ಆದ್ರ ಪುಟದ ತುದಿಗೆ, ಸಣ್ಣ ಅಕ್ಷರದಾಗ, ಪೆನ್ಸಿಲ್ಲಿನಿಂದ ಬರದಿದ್ಲು. ನಾ ನೀರಿನ ಟಾಕಿ ತಗಸಿ ನೋಡಿಸಿದೆ. ಒಳಗ ಹೊಲಸಿತ್ತು. ಈಕಿಗೆ ನಾ ಹೇಳಲಿಲ್ಲ. ತಾನಾಗೇ ಬಂದು ನನಗ ಹೇಳ್ತಾಳೇನು ಅಂತ ಕಾದೆ. ಬರಲಿಲ್ಲ. ಕಂಡದ್ದನ್ನ ಬಿಟ್ಟುಕೊಡದ ಗುಣ ಈಕಿಗೆ ಅದ. ಅದನ್ನ ಪೆನ್ನಿನಿಂದ ಬರಿಯೂ ಧೈರ್ಯ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಅದನ್ನ ಕಲೀತಾಳ ಅನ್ನೂ ನಂಬಿಕಿಯಿಂದ ಶಿಫಾರಸು ಮಾಡ್ತೀನಿ."

ನನಗೆ ಅಳು ಬಂತು. ಅವಮಾನದಿಂದಲೋ ಸಂತೋಷದಿಂದಲೋ ಆಗ ತಿಳಿಯಲಿಲ್ಲ. ಒಬ್ಬರು ನನ್ನನ್ನು ಇಷ್ಟು ಹತ್ತಿರದಿಂದ, ಇಷ್ಟು ದಿನ, ನನಗೇ ಗೊತ್ತಾಗದಂತೆ ನೋಡಿದ್ದರು. ನನ್ನ ಹೆತ್ತವರೂ ನನ್ನನ್ನು ಹೀಗೆ ನೋಡಿದ್ದಿಲ್ಲ, ನಾನೂ ನೋಡಿಕೊಂಡಿದ್ದಿಲ್ಲ. ಬೆರಗು ಎಂಬ ಮಾತು ಎಲ್ಲೆಲ್ಲೋ ಓದಿದ್ದೆ. ಅದು ಹೇಗಿರುತ್ತದೆಂದು ಆ ಮಧ್ಯಾಹ್ನ ಗೊತ್ತಾಯಿತು.

ಅಪ್ಪ ಮಾತ್ರ ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದರು. "ಮೇಡಂ, ತಪ್ಪು ತಿಳೀಬೇಡಿ. ನಾನು ಓದಿದವ ಅಲ್ಲ. ಆದ್ರೆ ಇವಳು ಒಳ್ಳೆಯವಳಲ್ಲ ಅಂತ ಬರೆದ್ರೆ ಅವ್ರು ಎಂತಕ್ಕೆ ಸ್ಕಾಲರ್‌ಶಿಪ್ ಕೊಡ್ತಾರೆ? ಉಳಿದವ್ರದ್ದೆಲ್ಲ ಒಂದು ನಂಬರ್, ಫಸ್ಟ್ ಕ್ಲಾಸ್ ಅಂತ ಹೋಗ್ತದಲ್ಲ?"

ಮೇಡಂ ಭಟ್ಟರ ಕಡೆ ನೋಡಿ ಅಪ್ಪನನ್ನು ಕೇಳಿದರು. "ಇವರನ್ನ ಕೆಲಸಕ್ಕ ತಗೊಳ್ಳುವಾಗ ಯಾರನ್ನರ ಕೇಳಿದ್ರೇನು, ಸಾಹೇಬ್ರ?"

"ಕೇಳದೆ ಮತ್ತೆ! ಮೊದ್ಲು ಇದ್ದ ಹೋಟೆಲಿಗೆ ಫೋನ್ ಮಾಡಿಯೇ ತಗೊಳ್ಳೂದು. ಅದು ನಮ್ಮ ಲೈನಿನ ಪದ್ಧತಿ."

"ಅವರು ಒಂದು ನಂಬರ್ ಅಂದಿದ್ರೇನು?"

ಅಪ್ಪ ಭಟ್ಟರ ಕಡೆ ತಿರುಗಿ ನೋಡಿದರು. ಒಂದು ನಂಬರ್ ಅಡುಗೆಯವ ಎಂದು ಫೋನಿನಲ್ಲಿ ಯಾರಾದರೂ ಹೊಗಳಿದರೆ ಅಪ್ಪ ಅವನನ್ನು ಯಾವತ್ತೂ ತೆಗೆದುಕೊಳ್ಳುವುದಿಲ್ಲ. ಅವನನ್ನು ಹೇಗಾದರೂ ಸಾಗಹಾಕಲು ನೋಡುತ್ತಿದ್ದಾರೆಂದೇ ಅದರ ಅರ್ಥ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಾರೆ.

"ಇಲ್ಲ," ಎಂದರು ಅಪ್ಪ ನಿಧಾನಕ್ಕೆ. "ಸಾಂಬಾರಿಗೆ ಇವ್ರ ಕೈ ಆಗ್ಬೇಕು, ಆದ್ರೆ ದೋಸೆ ಕಲ್ಲಿನ ಎದುರು ನಿಲ್ಲಿಸ್ಬೇಡಿ, ಸಿಟ್ಟು ಬರ್ತದೆ ಅಂತ ಹೇಳಿದ್ರು." ಬಾಗಿಲಲ್ಲಿ ನಿಂತಿದ್ದ ಭಟ್ಟರು ಇದನ್ನು ಮೊದಲ ಸಲ ಕೇಳುತ್ತಿದ್ದರೇನೋ, ಒಳಗೆ ಹೊರಟುಹೋದರು.

ಅಪ್ಪ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಕಳಿಸಿ ಮೇಡಂ," ಎಂದರು. "ಹೀಗೇ ಕಳಿಸಿ. ಒಂದಕ್ಷರ ಬದಲ್ ಮಾಡ್ಬೇಡಿ."

ಆ ದಿನ ಮೇಡಂ ಕೂಡ ನಕ್ಕರು. ಪುಸ್ತಿಕೆಯ ಡ್ರಾಫ್ಟಿನವರಿಗೆ ಬೇಕಾದರೆ ಆ ಒಂದು ನಗುವನ್ನು ಹಸನ್ಮುಖಿಯ ಲೆಕ್ಕಕ್ಕೆ ಬರೆದುಕೊಳ್ಳಲಿ. ಪತ್ರ ಕಳಿಸುವ ಆನ್‌ಲೈನ್ ಪುಟದಲ್ಲಿ, ವಿದ್ಯಾರ್ಥಿ ಈ ಪತ್ರವನ್ನು ನೋಡಿದ್ದಾಳೆಯೇ ಎಂಬ ಪ್ರಶ್ನೆ ಇತ್ತಂತೆ. ಎಲ್ಲರೂ ಇಲ್ಲ ಎಂದು ಒತ್ತುವ ಜಾಗ ಅದು. ಮೇಡಂ ಹೌದು ಎಂದು ಒತ್ತಿ, ತಂದೆಯ ಎದುರಿನಲ್ಲಿ ಓದಿ ಹೇಳಿದ್ದೇನೆ ಎಂದೂ ಸೇರಿಸಿದರು.

ಆಮೇಲೆ ತಿಂಗಳುಗಟ್ಟಲೆ ಏನೂ ಸುದ್ದಿ ಇರಲಿಲ್ಲ. ಝೆರಾಕ್ಸ್ ಅಂಗಡಿಯ ಪತ್ರದವರಿಗೆ ಒಬ್ಬೊಬ್ಬರಿಗೇ ಸೀಟು ಸಿಕ್ಕಿತು, ಅವರು ಪೇಡೆ ಹಂಚಿದರು. ನಾನು ಪೇಡೆ ತಿಂದು ಮನೆಗೆ ಬಂದು ಅಪ್ಪನ ಮುಖ ನೋಡುತ್ತಿದ್ದೆ. ಅವರು ಒಮ್ಮೆಯೂ ಆ ಪತ್ರದ ಮಾತೆತ್ತಲಿಲ್ಲ. ಒಂದು ದಿನ ಸ್ಕಾಲರ್‌ಶಿಪ್ಪಿನ ಸಂದರ್ಶನಕ್ಕೆ ಕರೆ ಬಂತು, ಕಂಪ್ಯೂಟರಿನಲ್ಲೇ. ತೆರೆಯ ಮೇಲಿದ್ದ ಮೂವರಲ್ಲಿ ಒಬ್ಬರು ಬಿಳಿ ಕೂದಲಿನ ಹೆಂಗಸು. ಅವರು ಮೊದಲು ಕೇಳಿದ್ದು, "ಈಗ ಯಾವುದರಲ್ಲಿ ಬರೆಯುತ್ತೀಯ, ಪೆನ್ಸಿಲ್ಲೋ ಪೆನ್ನೋ?"

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಹೆದರಿಕೆ ಹೋಯಿತು. ಆ ನೀರಿನ ಟಾಕಿಯ ಬಗ್ಗೆಯೇ ಅವರು ಬಹಳ ಹೊತ್ತು ಕೇಳಿದರು, ನಾನು ಕಂಡದ್ದನ್ನೆಲ್ಲ ಹೇಳಿದೆ. ಸ್ಕಾಲರ್‌ಶಿಪ್ ಸಿಕ್ಕಿತು. ಹೋದೆ, ಕಲಿತೆ, ತಿರುಗಿ ಬಂದೆ. ಈಗ ನವಿ ಮುಂಬೈಯಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ನನ್ನ ವರದಿಗಳನ್ನು ಇಷ್ಟಪಡದ ಬಿಲ್ಡರುಗಳು ಫೋನಿನಲ್ಲಿ ಜೋರು ಮಾಡುತ್ತಾರೆ. ನಾನು ಸುಮ್ಮನಾಗುವುದಿಲ್ಲ.

ಸಂದರ್ಶನದ ಕಥೆಯನ್ನು ಹೇಳಲು ಮೇಡಂ ಮನೆಗೆ ಹೋದಾಗ ಅವರು ಕೇಳಿಸಿಕೊಂಡು, "ಹಂಗಾರ ಅವರು ಓದ್ಯಾರ," ಎಂದರು. ಅಷ್ಟೇ. ಆದರೆ ಅದನ್ನು ಒಳಗಿದ್ದ ತಮ್ಮ ಅಕ್ಕನಿಗೂ ಕೂಗಿ ಹೇಳಿದರು: "ಅಕ್ಕಾ, ಅವರು ಓದ್ಯಾರಂತ!"

ಇಷ್ಟು ಬರೆದು ನಿಲ್ಲಿಸಿದರೆ ಇದೂ ಝೆರಾಕ್ಸ್ ಅಂಗಡಿಯ ಮಾಲೇ ಆಗುತ್ತದೆ. ಮೇಡಮ್ಮಿನಲ್ಲಿ ನಾನು ನೋಡಿದ ಇನ್ನೊಂದನ್ನೂ ಬರೆಯಬೇಕು.

ನನ್ನ ತರಗತಿಯಲ್ಲಿ ನನಗಿಂತ ಎಷ್ಟೋ ಜಾಣೆಯಾದ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ ಬಲು ಖಾರ. ಮಗಳ ಒಂದು ಕುಂದು ಕೈಗೆ ಸಿಕ್ಕರೆ ವರ್ಷಗಟ್ಟಲೆ ಅದನ್ನೇ ಹಿಡಿದು ಚುಚ್ಚುವವರು. ಅವಳು ಮೇಡಂ ಹತ್ತಿರ ಬಂದು, ನನ್ನೆದುರು ಏನು ಬೇಕಾದರೂ ಓದಿ, ಅಮ್ಮನೆದುರು ಬೇಡ ಎಂದು ಬೇಡಿಕೊಂಡಳು. ನಾನು ಅಲ್ಲೇ ಇದ್ದೆ. ಮೇಡಂ ಕನ್ನಡಕ ತೆಗೆದು, "ನಿಯಮ ಎಲ್ಲಾರಿಗೂ ಒಂದ," ಎಂದರು. ಅವಳು ಮತ್ತೆ ಕೇಳಲಿಲ್ಲ, ಎಲ್ಲಿಗೂ ಅರ್ಜಿ ಹಾಕಲಿಲ್ಲ. ನಾಲ್ಕು ಬೆರಳಿನ ಹಿಡಿತದಿಂದ ನನ್ನ ಸುಟ್ಟ ಬೆರಳನ್ನು ಕಂಡುಹಿಡಿದವರು ಎದುರಿಗೇ ದುಪಟ್ಟಾದ ತುದಿ ಹಿಂಡುತ್ತಿದ್ದ ಅವಳ ಕೈಗಳನ್ನು ನೋಡಲಿಲ್ಲ. ಅಥವಾ ನೋಡಿಯೂ ನಿಯಮವನ್ನೇ ಹಿಡಿದರು. ಅವಳೀಗ ಉಲ್ಹಾಸನಗರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಇದನ್ನು ಬರೆಯಲೇ ಎಂದು ಫೋನ್ ಮಾಡಿ ಕೇಳಿದೆ. "ಲಿಖ್," ಎಂದಳು.

ಬರೆದ ಮೇಲೆ ಮನೆಯವರ ಮುಂದೆ ಓದದೆ ಕಳಿಸುವ ಹಾಗಿಲ್ಲ. ಭಾನುವಾರ ಬದಲಾಪುರಕ್ಕೆ ಹೋದೆ. ಮೇಡಂ ಅವರ ಅಕ್ಕ ಒಬ್ಬರೇ ಇದ್ದರು. ನನಗೆ ಚಹಾ ಕೊಟ್ಟು, ಕಾಲು ಚಾಚಿ ಕೂತು, ಕಣ್ಣು ಮುಚ್ಚಿಕೊಂಡು ಕೇಳಿದರು. ಅಪ್ಪ ಮತ್ತು ಭಟ್ಟರ ಭಾಗಕ್ಕೆ ನಕ್ಕರು. ಉಲ್ಹಾಸನಗರದ ಹುಡುಗಿಯ ಭಾಗಕ್ಕೆ ಬಂದಾಗ ನನ್ನ ಧ್ವನಿ ತಾನಾಗೇ ಸಣ್ಣದಾಯಿತು. ಓದಿ ಮುಗಿಸಿದೆ. ಅಕ್ಕ ಕಣ್ಣು ತೆರೆಯಲಿಲ್ಲ.

"ನಿಮಗೆ ಬೇಜಾರಾದ್ರೆ ಆ ಭಾಗ ತೆಗೀತೇನೆ," ಎಂದೆ.

"ಬ್ಯಾಡ," ಎಂದರು ಅಕ್ಕ. "ಆ ಹುಡುಗಿದು ಆಕಿಗೂ ಗೊತ್ತಿತ್ತು. ದವಾಖಾನ್ಯಾಗ ಮಲಗಿದಾಗ ನನಗ ಹೇಳಿದ್ಲು, ಒಬ್ಬಾಕಿ ವಿಷಯದಾಗ ನಾ ತಪ್ಪಿದೆ ಅಕ್ಕಾ ಅಂತ." ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. "ಈಗ ಕಳಸು."